ಖಿನ್ನತೆ ಮತ್ತು ಸಿಆರ್‌ಪಿ ಪರೀಕ್ಷೆ: ವರದಿಯನ್ನು ಓದುವುದು ಹೇಗೆ, ಓದಿ ಮಾಡುವುದೇನು

ಪ್ರಯೋಗಾಲಯಗಳು ಮಾರುವ 'ಫುಲ್ ಬಾಡಿ ಚೆಕಪ್' ಪ್ಯಾಕೇಜುಗಳಲ್ಲಿ ಸಕ್ಕರೆ, ಕೊಲೆಸ್ಟರಾಲ್, ಥೈರಾಯ್ಡ್‌ಗಳ ಜೊತೆಗೆ ಈಗ 'ಎಚ್‌ಎಸ್-ಸಿಆರ್‌ಪಿ' ಎಂಬ ಸಾಲೂ ಎಷ್ಟೋ ಸಲ ಸೇರಿಕೊಂಡಿರುತ್ತದೆ. ಸಿಆರ್‌ಪಿ (ಸಿ-ರಿಯಾಕ್ಟಿವ್ ಪ್ರೋಟೀನ್) ಎಂದರೆ ದೇಹದಲ್ಲಿ ಉರಿಯೂತವಿದ್ದಾಗ ರಕ್ತದಲ್ಲಿ ಹೆಚ್ಚಾಗುವ ಒಂದು ಪ್ರೋಟೀನು. ಖಿನ್ನತೆಗೂ ದೇಹದ ಉರಿಯೂತಕ್ಕೂ ನಂಟಿದೆ ಎಂದು ಎಲ್ಲೋ ಓದಿ, ಈ ಪರೀಕ್ಷೆಯನ್ನು ತಾವಾಗಿಯೇ ಮಾಡಿಸಿಕೊಳ್ಳುವವರೂ ಇದ್ದಾರೆ. ವರದಿ ಮೊಬೈಲಿಗೆ ಬಂದ ಮೇಲೆ ಮನೆಯಲ್ಲಿ ಎರಡರಲ್ಲಿ ಒಂದು ಮಾತು ಕೇಳಿಬರುತ್ತದೆ. ಅಂಕಿ ದಪ್ಪಕ್ಷರದಲ್ಲಿದ್ದರೆ, "ನೋಡಿದ್ರಾ, ಇದು ಮನಸ್ಸಿನ ಕಾಯಿಲೆಯೇ ಅಲ್ಲ, ಮೈಯೊಳಗಿನ ಉರಿಯೂತ" ಎನ್ನುತ್ತಾರೆ. ಮಿತಿಯೊಳಗಿದ್ದರೆ, "ರಿಪೋರ್ಟ್ ಎಲ್ಲ ನಾರ್ಮಲ್ ಇದೆ, ನಿನಗೇನೂ ಆಗಿಲ್ಲ, ಸುಮ್ಮನೆ ಯೋಚನೆ ಮಾಡ್ತೀಯ" ಎನ್ನುತ್ತಾರೆ. ಎರಡೂ ತಪ್ಪು. ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಚಿಕಿತ್ಸೆ ಬೇಕಾದವರನ್ನು ಅದು ಆಸ್ಪತ್ರೆಯ ಬಾಗಿಲಿನಿಂದಲೇ ಹಿಂದಕ್ಕೆ ಕರೆತರುತ್ತದೆ.

ಸಿಆರ್‌ಪಿಯು ಖಿನ್ನತೆ ಇದೆಯೇ ಇಲ್ಲವೇ ಎಂದು ಹೇಳುವ ಪರೀಕ್ಷೆಯಲ್ಲ. ಖಿನ್ನತೆಯಿರುವ ವ್ಯಕ್ತಿಯ ದೇಹದಲ್ಲಿ ಬೇರೇನಾದರೂ ನಡೆಯುತ್ತಿದೆಯೇ ಎಂದು ವೈದ್ಯರು ವಿಚಾರಿಸುವುದಕ್ಕೆ ಅದು ಒಂದು ಕಾರಣವನ್ನು ಒದಗಿಸಬಹುದು, ಅಷ್ಟೇ. ಆ ಅಂಕಿಯನ್ನು ಸರಿಯಾಗಿ ಪಡೆದು, ಸರಿಯಾಗಿ ಓದಿ, ವೈದ್ಯರ ಮುಂದೆ ಉಪಯೋಗಕ್ಕೆ ಬರುವಂತೆ ಇಡುವ ಕ್ರಮವನ್ನು ಇಲ್ಲಿ ಬರೆದಿದೆ.

ಅಳೆಯುತ್ತಿರುವುದು ಏನನ್ನು?

ಸಿ-ರಿಯಾಕ್ಟಿವ್ ಪ್ರೋಟೀನನ್ನು ಮೊದಲು ಗುರುತಿಸಿದ್ದು 1930ರಲ್ಲಿ, ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ. ನ್ಯುಮೊಕಾಕಸ್ ಬ್ಯಾಕ್ಟೀರಿಯಾದಿಂದ ತೆಗೆದ 'ಸಿ' ಎಂಬ ಅಂಶದೊಡನೆ ಬೆರೆಸಿದಾಗ ಗಷ್ಟುಕಟ್ಟುವ ವಸ್ತುವೊಂದು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿರುವುದನ್ನು ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಕಂಡರು. ಹೆಸರು ಹುಟ್ಟಿದ್ದು ಹಾಗೆ. ರೋಗಾಣು ಹೊಕ್ಕಾಗ ಅಥವಾ ಗಾಯವಾದಾಗ ರೋಗನಿರೋಧಕ ಕಣಗಳು ಇಂಟರ್‌ಲ್ಯೂಕಿನ್-6 ಮೊದಲಾದ ಸಂದೇಶವಾಹಕಗಳನ್ನು ರಕ್ತಕ್ಕೆ ಬಿಡುತ್ತವೆ. ಇವುಗಳಿಗೆ ಸೈಟೊಕೈನ್ ಎಂದು ಹೆಸರು. ಆ ಸಂದೇಶ ತಲುಪಿದ ಯಕೃತ್ತು ಸಿಆರ್‌ಪಿಯನ್ನು ತಯಾರಿಸಿ ರಕ್ತಕ್ಕೆ ಸೇರಿಸುತ್ತದೆ. ಹೆಂಚಿನ ಮೇಲೆ ಹೊಗೆ ಕಂಡರೆ ಒಳಗೆ ಒಲೆ ಉರಿಯುತ್ತಿದೆಯೆಂದು ತಿಳಿಯುತ್ತದೆಯೇ ಹೊರತು ಏನು ಬೇಯುತ್ತಿದೆಯೆಂದು ತಿಳಿಯುವುದಿಲ್ಲ. ಸಿಆರ್‌ಪಿಯದೂ ಅದೇ ಸ್ಥಿತಿ.

ಇದಕ್ಕೂ ಮನಸ್ಸಿಗೂ ಏನು ಸಂಬಂಧ ಎಂಬುದನ್ನು ಅರಿಯಲು ಜ್ವರ ಬಂದ ದಿನವನ್ನು ನೆನೆಸಿಕೊಂಡರೆ ಸಾಕು. ಊಟ ಸೇರುವುದಿಲ್ಲ, ಯಾರೊಡನೆಯೂ ಮಾತು ಬೇಡ, ಹೊದ್ದು ಮಲಗಿದರೆ ಸಾಕೆನಿಸುತ್ತದೆ, ಇಷ್ಟದ ಕೆಲಸವೂ ಬೇಸರ ತರಿಸುತ್ತದೆ. ಇದು ರೋಗಾಣು ನೇರವಾಗಿ ಮಾಡಿದ ಕೆಲಸವಲ್ಲ. ಸೈಟೊಕೈನ್‌ಗಳ ಸುದ್ದಿ ತಲುಪಿದಾಗ ಮಿದುಳು ತನ್ನ ಶಕ್ತಿಯನ್ನು ಉಳಿಸಿಕೊಳ್ಳಲು ಮಾಡಿಕೊಳ್ಳುವ ಏರ್ಪಾಡು. ಖಿನ್ನತೆಯ ಲಕ್ಷಣಗಳೊಡನೆ ಇದರ ಹೋಲಿಕೆ ಕಣ್ಣಿಗೆ ಹೊಡೆಯುವಂತಿದೆ. ಹೆಪಟೈಟಿಸ್-ಸಿ ಮತ್ತು ಮೆಲನೋಮ ಎಂಬ ಚರ್ಮದ ಕ್ಯಾನ್ಸರಿಗೆ ಇಂಟರ್‌ಫೆರಾನ್-ಆಲ್ಫಾ ಎಂಬ ಸೈಟೊಕೈನನ್ನೇ ಔಷಧವಾಗಿ ಕೊಡುತ್ತಿದ್ದ ಕಾಲದಲ್ಲಿ, ಅದುವರೆಗೆ ನೆಮ್ಮದಿಯಾಗಿದ್ದವರೂ ಕೆಲವೇ ವಾರಗಳಲ್ಲಿ ಖಿನ್ನತೆಗೆ ಜಾರುವುದನ್ನು ವೈದ್ಯರು ಮತ್ತೆ ಮತ್ತೆ ಕಂಡರು. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 40 ಮೆಲನೋಮ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಇಂಟರ್‌ಫೆರಾನ್ ಆರಂಭಿಸುವ ಎರಡು ವಾರ ಮೊದಲೇ ಪೆರಾಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆಯನ್ನೂ ಇನ್ನೊಂದಕ್ಕೆ ಹುಸಿಮಾತ್ರೆಯನ್ನೂ ಕೊಡಲಾಯಿತು. ಹುಸಿಮಾತ್ರೆಯವರಲ್ಲಿ ಶೇ. 45ರಷ್ಟು ಮಂದಿಗೆ ಖಿನ್ನತೆ ಬಂದರೆ, ಪೆರಾಕ್ಸೆಟಿನ್ ಪಡೆದವರಲ್ಲಿ ಅದು ಶೇ. 11ಕ್ಕೆ ನಿಂತಿತು. ಉರಿಯೂತವು ಖಿನ್ನತೆಯನ್ನು ಹುಟ್ಟಿಸಬಲ್ಲದು ಎಂಬುದಕ್ಕೆ ಇಷ್ಟು ನೇರವಾದ ಸಾಕ್ಷ್ಯ ವಿರಳ. ಅದೇ ಅಧ್ಯಯನವು ಇನ್ನೊಂದನ್ನೂ ತೋರಿಸಿತು: ಕಾರಣ ದೇಹದಲ್ಲಿದ್ದಾಗಲೂ ಖಿನ್ನತೆಯ ಸಾಮಾನ್ಯ ಮಾತ್ರೆ ಕೆಲಸ ಮಾಡಿತು.

ಒಳಗೆ ನಡೆಯುವ ರಾಸಾಯನಿಕ ವ್ಯವಹಾರದಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. ನಾವು ತಿನ್ನುವ ಬೇಳೆ, ಹಾಲು, ಮೊಟ್ಟೆಗಳಿಂದ ಬರುವ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದ ಮಿದುಳು, ಮನಸ್ಸಿನ ಸ್ಥಿತಿಯ ಮೇಲೆ ಪ್ರಭಾವ ಬೀರುವ ಸಿರೊಟೋನಿನ್ ಎಂಬ ರಾಸಾಯನಿಕವನ್ನು ಮಾಡಿಕೊಳ್ಳುತ್ತದೆ. ಉರಿಯೂತವಿದ್ದಾಗ ಐಡಿಒ ಎಂಬ ಕಿಣ್ವ ಚುರುಕಾಗಿ, ಅದೇ ಟ್ರಿಪ್ಟೊಫ್ಯಾನನ್ನು ಕೈನ್ಯುರೆನಿನ್ ಎಂಬ ಬೇರೆ ದಾರಿಗೆ ಹೆಚ್ಚಾಗಿ ತಿರುಗಿಸುತ್ತದೆ. ಆ ದಾರಿಯ ಕೆಲವು ಉತ್ಪನ್ನಗಳು ನರಕೋಶಗಳಿಗೆ ಹಿತವಾದವಲ್ಲ.

ಎಲ್ಲ ಖಿನ್ನತೆಯೂ ಹೀಗೆಯೇ ಬರುತ್ತದೆಯೇ ಎಂದರೆ, ಇಲ್ಲ. 2019ರಲ್ಲಿ ಪ್ರಕಟವಾದ, 37 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದರ ಪ್ರಕಾರ ಖಿನ್ನತೆಯ ರೋಗಿಗಳಲ್ಲಿ ಸುಮಾರು ಶೇ. 27ರಷ್ಟು ಮಂದಿಯ ಸಿಆರ್‌ಪಿ ಲೀಟರಿಗೆ 3 ಮಿಲಿಗ್ರಾಂ ದಾಟಿತ್ತು. ಖಿನ್ನತೆ ಇಲ್ಲದವರೊಡನೆ ಹೋಲಿಸಿದರೆ ಇದು ಹೆಚ್ಚೇ. ಆದರೆ ಇದೇ ಅಂಕಿಯನ್ನು ತಿರುಗಿಸಿ ಓದಬೇಕು: ವೈದ್ಯರು ಖಿನ್ನತೆಯೆಂದು ಗುರುತಿಸಿದ ಪ್ರತಿ ನಾಲ್ವರಲ್ಲಿ ಹೆಚ್ಚುಕಡಿಮೆ ಮೂವರ ಸಿಆರ್‌ಪಿ ಆ ಗೆರೆಯನ್ನು ಮುಟ್ಟಿರಲಿಲ್ಲ. 'ನಾರ್ಮಲ್' ವರದಿ ಹಿಡಿದುಕೊಂಡು ಮಗಳಿಗೋ ತಮ್ಮನಿಗೋ ಬುದ್ಧಿ ಹೇಳಲು ಹೊರಡುವವರು ಮೊದಲು ಈ ಲೆಕ್ಕವನ್ನು ಮನಸ್ಸಿಗೆ ತಂದುಕೊಳ್ಳಬೇಕು.

ರಕ್ತ ಕೊಡುವ ಮೊದಲು

ಸಿಆರ್‌ಪಿ ಬಹಳ ಚಂಚಲ. ಸೋಂಕು ತಗುಲಿದ ಕೆಲವೇ ಗಂಟೆಗಳಲ್ಲಿ ಏರತೊಡಗಿ, ಎರಡು ದಿನಗಳ ಹೊತ್ತಿಗೆ ಶಿಖರ ಮುಟ್ಟಿ, ಕಾರಣ ನಿಂತ ಮೇಲೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ನೆಗಡಿ, ಜ್ವರ, ಭೇದಿ, ಹಲ್ಲಿನ ಬಾವು ಇದ್ದಾಗಲೂ, ಹಲ್ಲು ಕೀಳಿಸಿದ, ಲಸಿಕೆ ಹಾಕಿಸಿಕೊಂಡ, ಬಿದ್ದು ಪೆಟ್ಟಾದ ಅಥವಾ ಅಭ್ಯಾಸವಿಲ್ಲದೆ ಮೈ ಮುರಿಯುವಂತೆ ದುಡಿದ ಬೆನ್ನಲ್ಲೂ ಈ ಪರೀಕ್ಷೆ ಮಾಡಿಸುವುದು ಹಣ ದಂಡ. ಸಂಪೂರ್ಣ ಗುಣವಾಗಿ ಎರಡು ಮೂರು ವಾರ ಕಳೆದ ಮೇಲೆ ಹೋಗುವುದು ಮೇಲು. ಮಳೆಗಾಲದಲ್ಲಿ ಡೆಂಗಿ, ಚಿಕೂನ್‌ಗುನ್ಯಾ ಬಂದುಹೋದವರು ಇನ್ನೂ ಹೆಚ್ಚು ಕಾಯಬೇಕಾಗಬಹುದು. ಚಿಕೂನ್‌ಗುನ್ಯಾದ ಕೀಲುನೋವು ತಿಂಗಳುಗಟ್ಟಲೆ ಎಳೆಯುವುದು ನಮ್ಮ ಜನಕ್ಕೆ ಹೊಸತೇನಲ್ಲ.

ಈ ಒಂದು ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಇರಬೇಕಿಲ್ಲ. ಸಕ್ಕರೆ, ಕೊಬ್ಬಿನ ಪರೀಕ್ಷೆಗಳು ಜೊತೆಗಿದ್ದರೆ ಲ್ಯಾಬಿನವರು ಹೇಳಿದಂತೆ ನಡೆದುಕೊಂಡರಾಯಿತು. ಸೇವಿಸುತ್ತಿರುವ ಔಷಧಗಳ ಪಟ್ಟಿಯನ್ನು ಮಾತ್ರ ತಪ್ಪದೆ ಬರೆದಿಡಬೇಕು. ಕೊಲೆಸ್ಟರಾಲಿಗೆ ಕೊಡುವ ಸ್ಟ್ಯಾಟಿನ್ ಮಾತ್ರೆಗಳೂ ಸ್ಟೀರಾಯ್ಡುಗಳೂ ಸಿಆರ್‌ಪಿಯನ್ನು ತಗ್ಗಿಸುತ್ತವೆ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಗಳು ಏರಿಸುತ್ತವೆ. ಗರ್ಭಿಣಿಯರಲ್ಲಿ ಅದು ಸಹಜವಾಗಿಯೇ ಹೆಚ್ಚಿರುತ್ತದೆ. ಪರೀಕ್ಷೆಗೆಂದು ಯಾವ ಮಾತ್ರೆಯನ್ನೂ ನಿಲ್ಲಿಸಬಾರದು, ಖಿನ್ನತೆಯ ಮಾತ್ರೆಯನ್ನಂತೂ ಒಂದು ದಿನವೂ ತಪ್ಪಿಸಬಾರದು.

ಅಂಕಿಯನ್ನು ಓದುವ ಕ್ರಮ

ಮೊದಲು ನೋಡಬೇಕಾದದ್ದು ಅಂಕಿಯನ್ನಲ್ಲ, ಅದರ ಪಕ್ಕದ ಅಳತೆಯ ಮಾನವನ್ನು. ಕೆಲವು ಲ್ಯಾಬುಗಳು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದೂ ಕೆಲವು ಡೆಸಿಲೀಟರಿಗೆ ಇಷ್ಟು ಎಂದೂ ಕೊಡುತ್ತವೆ. ಡೆಸಿಲೀಟರಿಗೆ 0.6 ಎಂದರೆ ಲೀಟರಿಗೆ 6. ಹತ್ತು ಪಟ್ಟಿನ ಈ ವ್ಯತ್ಯಾಸವನ್ನು ಗಮನಿಸದೆ ಬೇರೆ ಬೇರೆ ಲ್ಯಾಬುಗಳ ಎರಡು ವರದಿಗಳನ್ನು ಹೋಲಿಸಿ ಗಾಬರಿಯಾಗುವುದೂ, ಅಕಾರಣವಾಗಿ ಹಿಗ್ಗುವುದೂ ಸುಲಭ. ಆಮೇಲೆ ಪರೀಕ್ಷೆಯ ಹೆಸರನ್ನು ನೋಡಬೇಕು. ಬರಿಯ 'ಸಿಆರ್‌ಪಿ' ಎಂದಿದ್ದರೆ ಅದು ಸೋಂಕಿನಂಥ ದೊಡ್ಡ ಏರಿಕೆಗಳನ್ನು ಹಿಡಿಯಲು ಮಾಡಿದ್ದು. ಸಣ್ಣ ಮಟ್ಟದ ಉರಿಯೂತವನ್ನು ಅಳೆಯಲು ಹೆಚ್ಚು ಸೂಕ್ಷ್ಮವಾದ 'ಎಚ್‌ಎಸ್-ಸಿಆರ್‌ಪಿ' ಬೇಕು. ಖಿನ್ನತೆಯ ಸಂಶೋಧನೆಗಳಲ್ಲಿ ಚರ್ಚೆಯಾಗುವುದು ಬಹುಮಟ್ಟಿಗೆ ಈ ಸಣ್ಣ ಮಟ್ಟದ ಏರಿಕೆಯೇ.

ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ, 1ರಿಂದ 3, 3ಕ್ಕಿಂತ ಹೆಚ್ಚು ಎಂಬ ಮೂರು ಹಂತಗಳು ವರದಿಯ ಕೆಳಗೆ ಅಚ್ಚಾಗಿರುತ್ತವೆ. ಇವು ಬಂದದ್ದು 2003ರಲ್ಲಿ, ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಮತ್ತು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೂಡಿ ಹೃದಯಾಘಾತದ ಅಪಾಯವನ್ನು ಅಂದಾಜು ಮಾಡಲು ಗೊತ್ತುಪಡಿಸಿದಾಗ. ಖಿನ್ನತೆಗೆಂದು ಯಾರೂ ಅವನ್ನು ಮಾಡಿದ್ದಲ್ಲ. ಸಂಶೋಧಕರು ಅನುಕೂಲಕ್ಕಾಗಿ ಎರವಲು ಪಡೆದರು. 'ಹೈ ರಿಸ್ಕ್' ಎಂಬ ಮುದ್ರಿತ ಪದ ಹೃದಯವನ್ನು ಕುರಿತದ್ದು ಎಂಬುದನ್ನು ಖಿನ್ನತೆಯಲ್ಲಿರುವ ವ್ಯಕ್ತಿಗೆ ಆಗಲೇ ಬಿಡಿಸಿ ಹೇಳುವುದು ಒಳ್ಳೆಯದು, ಏಕೆಂದರೆ ಅಂಥವರು ಕೆಟ್ಟ ಅರ್ಥವನ್ನೇ ಮೊದಲು ಹಿಡಿದುಕೊಳ್ಳುತ್ತಾರೆ. ಆ ಎರಡು ಸಂಸ್ಥೆಗಳ 2003ರ ಸೂಚನೆಯು ಒಂದೇ ಅಳತೆಯನ್ನು ನೆಚ್ಚದೆ ಸುಮಾರು ಎರಡು ವಾರಗಳ ಅಂತರದಲ್ಲಿ ಎರಡು ಸಲ ಅಳೆದು ಸರಾಸರಿ ನೋಡಬೇಕೆಂದೂ, 10 ದಾಟಿದ್ದರೆ ಅದನ್ನು ಬದಿಗಿಟ್ಟು ಮೊದಲು ಸೋಂಕು ಮತ್ತಿತರ ಕಾಯಿಲೆಗಳನ್ನು ಹುಡುಕಬೇಕೆಂದೂ ಹೇಳುತ್ತದೆ. ಆ ಮಾತನ್ನು ಖಿನ್ನತೆಯವರೂ ಹಾಗೆಯೇ ಪಾಲಿಸಬಹುದು.

1ರಿಂದ 10ರೊಳಗಿನ ಏರಿಕೆಗೆ ಅತಿ ಸಾಮಾನ್ಯ ಕಾರಣ ಹೊಟ್ಟೆಯ ಸುತ್ತಲಿನ ಕೊಬ್ಬು. ಕೊಬ್ಬಿನ ಅಂಗಾಂಶವು ಸುಮ್ಮನೆ ಕೂತಿರುವ ದಾಸ್ತಾನಲ್ಲ. ಅದು ಸ್ವತಃ ಇಂಟರ್‌ಲ್ಯೂಕಿನ್-6 ಸ್ರವಿಸುತ್ತದೆ. ಲಂಡನ್ನಿನಲ್ಲಿ ನೆಲೆಸಿದ ಭಾರತೀಯ ಮೂಲದ ಗಂಡಸರನ್ನು ಅಲ್ಲಿನ ಯುರೋಪಿಯನ್ನರೊಡನೆ ಹೋಲಿಸಿದ, 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ನಮ್ಮವರ ಸಿಆರ್‌ಪಿ ಹೆಚ್ಚಿರುವುದನ್ನೂ, ಆ ಹೆಚ್ಚಳದ ಹಿಂದೆ ಹೊಟ್ಟೆಯ ಬೊಜ್ಜು ಮತ್ತು ಇನ್ಸುಲಿನ್ನಿಗೆ ದೇಹ ಮಣಿಯದಿರುವುದು ಇರುವುದನ್ನೂ ತೋರಿಸಿತು. ಬೊಜ್ಜಿನ ಜೊತೆಗೆ ಬೀಡಿ ಸಿಗರೇಟು, ವಸಡಿನ ರೋಗ, ಸಕ್ಕರೆ ಕಾಯಿಲೆ, ನಿದ್ರೆಯಲ್ಲಿ ಉಸಿರು ಕಟ್ಟುವ ಗೊರಕೆ, ಸೋರಿಯಾಸಿಸ್, ಸಂಧಿವಾತ, ಕರುಳಿನ ಉರಿಯೂತ ಇವೆಲ್ಲವೂ ಪಟ್ಟಿಯಲ್ಲಿವೆ. ಇವುಗಳಲ್ಲಿ ಹಲವು ಖಿನ್ನತೆಯ ಜೊತೆಗೂ ಓಡಾಡುವಂಥವು. ಹಾಗಾಗಿ ಯಾವುದು ಯಾವುದರಿಂದ ಬಂತೆಂದು ಒಬ್ಬ ವ್ಯಕ್ತಿಯಲ್ಲಿ ಬಿಡಿಸಿ ಹೇಳುವುದು ತಜ್ಞರಿಗೂ ಕಷ್ಟ. ಬ್ರಿಟನ್ನಿನ ಮಕ್ಕಳ ದೀರ್ಘಕಾಲದ ಅಧ್ಯಯನವೊಂದರಲ್ಲಿ 9ನೇ ವಯಸ್ಸಿನಲ್ಲಿ ಇಂಟರ್‌ಲ್ಯೂಕಿನ್-6 ಹೆಚ್ಚಿದ್ದವರಿಗೆ 18ರ ಹೊತ್ತಿಗೆ ಖಿನ್ನತೆಯ ಸಂಭವ ಹೆಚ್ಚಿತ್ತು ಎಂಬುದು ನಿಜ. ಖಿನ್ನತೆ ಬಂದವರು ಓಡಾಟ ಬಿಟ್ಟು, ನಿದ್ದೆಗೆಟ್ಟು, ತೂಕ ಏರಿಸಿಕೊಂಡು ಉರಿಯೂತವನ್ನು ಬರಮಾಡಿಕೊಳ್ಳುವುದೂ ಅಷ್ಟೇ ನಿಜ.

ಇಎಸ್‌ಆರ್ ಬಗ್ಗೆ ಎರಡು ಮಾತು. ಕೆಂಪು ರಕ್ತಕಣಗಳು ಕೊಳವೆಯಲ್ಲಿ ಎಷ್ಟು ಬೇಗ ತಳಕ್ಕಿಳಿಯುತ್ತವೆ ಎಂಬುದನ್ನು ನೋಡಿ ಉರಿಯೂತವನ್ನು ಅಂದಾಜು ಮಾಡುವ ಪರೀಕ್ಷೆ ಇದು. ನಮ್ಮ ಸಣ್ಣ ಊರುಗಳ ಲ್ಯಾಬುಗಳಲ್ಲಿ ಇಂದಿಗೂ ಹೆಚ್ಚು ನಡೆಯುವುದು ಇದೇ ಪರೀಕ್ಷೆ. ಅದು ವಯಸ್ಸಿನೊಡನೆ ಏರುತ್ತದೆ, ಹೆಂಗಸರಲ್ಲಿ ಹೆಚ್ಚಿರುತ್ತದೆ, ಮುಖ್ಯವಾಗಿ ರಕ್ತಹೀನತೆಯಿದ್ದರೂ ಏರುತ್ತದೆ. ಹಿಮೋಗ್ಲೋಬಿನ್ 9 ಇರುವ ಗೃಹಿಣಿಯ ಇಎಸ್‌ಆರ್ 40 ಬಂದರೆ ಅದನ್ನು ಉರಿಯೂತವೆಂದು ಸಾರುವ ಮೊದಲು ಕಬ್ಬಿಣದ ಕೊರತೆಯನ್ನು ನೋಡಬೇಕು; ಆಕೆಯ ಸುಸ್ತಿಗೂ ಅದೇ ಒಂದು ಕಾರಣವಾಗಿರಬಹುದು. ಇನ್ನು ಇಂಟರ್‌ಲ್ಯೂಕಿನ್-6, ಟಿಎನ್‌ಎಫ್-ಆಲ್ಫಾದಂಥ ಸೈಟೊಕೈನ್‌ಗಳ ಪರೀಕ್ಷೆಗಳನ್ನು ಖಿನ್ನತೆಗೆಂದು ಸ್ವಂತ ಖರ್ಚಿನಲ್ಲಿ ಮಾಡಿಸುವುದರಿಂದ ಚಿಕಿತ್ಸೆಯಲ್ಲಿ ಏನೂ ಬದಲಾಗುವುದಿಲ್ಲ. ಆ ಹಣ ಆಪ್ತಸಮಾಲೋಚನೆಗೆ ಒದಗಲಿ.

ವೈದ್ಯರ ಮುಂದೆ

ಸಿಆರ್‌ಪಿ ಎರಡು ಸಲವೂ ಏರಿಯೇ ಇದ್ದರೆ ಒಂದು ಹಾಳೆಯಲ್ಲಿ ಮೂರು ವಿಷಯಗಳನ್ನು ಬರೆದುಕೊಂಡು ಹೋಗಬೇಕು. ಮೊದಲನೆಯದು ಮನಸ್ಸಿನದು: ಬೇಸರ, ನಿರಾಸಕ್ತಿ, ನಿದ್ದೆ, ಹಸಿವು, ಸುಸ್ತು ಎಷ್ಟು ವಾರಗಳಿಂದ ಇವೆ ಎಂಬುದು. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪತ್ರಿಕೆಯನ್ನು ತುಂಬಿ ಒಯ್ದರೆ ಅನುಕೂಲ. 27 ಅಂಕಗಳಲ್ಲಿ 10 ಅಥವಾ ಹೆಚ್ಚು ಬಂದರೆ ವೈದ್ಯರು ವಿವರವಾಗಿ ವಿಚಾರಿಸುತ್ತಾರೆ. ರೋಗ ನಿರ್ಣಯವಾಗುವುದು ಈ ಮಾತುಕತೆಯಿಂದಲೇ ಹೊರತು ರಕ್ತದಿಂದಲ್ಲ. ಎರಡನೆಯದು ದೇಹದ್ದು: ಬೆಳಗ್ಗೆ ಎದ್ದಾಗ ಬೆರಳಿನ ಗಂಟುಗಳು ಅರ್ಧ ಗಂಟೆಗೂ ಹೆಚ್ಚು ಬಿಗಿಯಾಗಿರುವುದು, ಸಂಜೆಯ ಜ್ವರ, ತಾನಾಗಿ ತೂಕ ಇಳಿಯುವುದು, ಎರಡು ವಾರ ಮೀರಿದ ಕೆಮ್ಮು, ಮಲದಲ್ಲಿ ರಕ್ತ, ವಸಡಿನಲ್ಲಿ ರಕ್ತ, ಚರ್ಮದ ಮೇಲೆ ಹೊಪ್ಪಳೆ ಏಳುವ ಮಚ್ಚೆ. ಕ್ಷಯ ಇನ್ನೂ ಮನೆಮಾಡಿಕೊಂಡಿರುವ ನಮ್ಮ ನಾಡಿನಲ್ಲಿ ಕೆಮ್ಮು, ಜ್ವರ, ತೂಕ ಇಳಿತಗಳನ್ನು ಖಿನ್ನತೆಯ ತಲೆಗೆ ಕಟ್ಟಿ ಸುಮ್ಮನಾಗುವಂತಿಲ್ಲ. ಮೂರನೆಯದು ಔಷಧಗಳ ಪಟ್ಟಿ. ಅದರಲ್ಲಿ ನಾಟಿ ಔಷಧ, ಲೇಹ್ಯ, ಆನ್‌ಲೈನಿನಲ್ಲಿ ತರಿಸಿದ ಗುಳಿಗೆಗಳೂ ಇರಬೇಕು.

ಜೊತೆಗೆ ಥೈರಾಯ್ಡ್, ವಿಟಮಿನ್ ಬಿ12, ಹಿಮೋಗ್ಲೋಬಿನ್, ಸಕ್ಕರೆ ಪರೀಕ್ಷೆಗಳು ಆಗಿವೆಯೇ ಎಂದು ಕೇಳಬೇಕು. ಸಿಆರ್‌ಪಿಗಿಂತ ಇವುಗಳಿಂದಲೇ ನೇರವಾದ ಚಿಕಿತ್ಸೆ ಹೊರಡುವ ಸಂಭವ ಹೆಚ್ಚು.

"ನನ್ನ ಸಿಆರ್‌ಪಿ ನೋಡಿ ಯಾವ ಮಾತ್ರೆ ಹೊಂದುತ್ತದೆಂದು ಹೇಳಬಹುದೇ?" ಎಂದು ಕೇಳಬೇಕೆನಿಸುವುದು ಸಹಜ. 2014ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ ಸಿಆರ್‌ಪಿ 1ಕ್ಕಿಂತ ಕಡಿಮೆಯಿದ್ದವರಿಗೆ ಎಸ್ಸಿಟಾಲೊಪ್ರಾಮ್ ಚೆನ್ನಾಗಿ ಹೊಂದಿತು, ಹೆಚ್ಚಿದ್ದವರಿಗೆ ನಾರ್‌ಟ್ರಿಪ್ಟಿಲಿನ್ ಹೊಂದಿತು. ಕುತೂಹಲಕರ ಸುಳಿವು ಇದು, ಆದರೆ ಔಷಧದ ಆಯ್ಕೆಯನ್ನು ಇದರ ಮೇಲೆ ನಿಲ್ಲಿಸುವಷ್ಟು ಗಟ್ಟಿಯಾಗಿಲ್ಲ. ನಾರ್‌ಟ್ರಿಪ್ಟಿಲಿನ್ ಹೃದಯದ ಲಯವನ್ನು ಕೆಡಿಸಬಲ್ಲ ಔಷಧವಾದ್ದರಿಂದ ವೈದ್ಯರು ಸಿಆರ್‌ಪಿಗಿಂತ ಇಸಿಜಿಯನ್ನು ನೋಡುವುದೇ ಸರಿ.

ಉರಿಯೂತದ ಮಾತ್ರೆ ನುಂಗುವ ಮುನ್ನ

ಈ ವಿಷಯದಲ್ಲಿ ನಾನು ಸ್ವಲ್ಪ ಬಿಗಿಯಾಗಿಯೇ ಹೇಳಬೇಕಾಗಿದೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿದರೆ ಸಿಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್‌ಗಳೂ ಉರಿಯೂತ ಇಳಿಸುವ ಮಾತ್ರೆಗಳೇ ತಾನೆ ಎಂದು ಖಿನ್ನತೆಗಾಗಿ ತಾವೇ ಆರಂಭಿಸಿಕೊಳ್ಳುವುದು ಕೆಟ್ಟ ಯೋಚನೆ. ಖಿನ್ನತೆಗೆ ಹೆಚ್ಚು ಬಳಕೆಯಲ್ಲಿರುವ ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್, ಫ್ಲುಒಕ್ಸೆಟಿನ್ ಗುಂಪಿನ ಮಾತ್ರೆಗಳ ಜೊತೆ ಇವು ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಮನಸ್ಸಿನ ಏರಿಳಿತಕ್ಕೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥವು ಲಿಥಿಯಂ ಮಟ್ಟವನ್ನು ವಿಷದ ಹಂತಕ್ಕೆ ಏರಿಸಬಲ್ಲವು. ಅಪಾಯವಿದ್ದರೂ ಫಲವಿದೆಯೇ ಎಂದರೆ, ಆಸ್ಪಿರಿನ್ನಿನ ಮಟ್ಟಿಗೆ ಉತ್ತರ ನಿರಾಶಾದಾಯಕ: ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ಹಿರಿಯರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ದಿನಕ್ಕೆ 100 ಮಿಲಿಗ್ರಾಂ ಆಸ್ಪಿರಿನ್ ಖಿನ್ನತೆಯನ್ನು ತಡೆಯಲಿಲ್ಲ.

ಸಂಧಿವಾತಕ್ಕೆ ಕೊಡುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಇಂಜೆಕ್ಷನ್ನಿನ ಕಥೆ ಇನ್ನೂ ಬೋಧಪ್ರದವಾದದ್ದು. ಮಾತ್ರೆಗಳಿಗೆ ಬಗ್ಗದ ಖಿನ್ನತೆಯಿದ್ದ 60 ಮಂದಿಯ ಮೇಲೆ ಅಮೆರಿಕದಲ್ಲಿ ಇದನ್ನು ಪ್ರಯೋಗಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟಾರೆ ನೋಡಿದರೆ ಹುಸಿ ಔಷಧಕ್ಕಿಂತ ಅದು ಮೇಲಾಗಿರಲಿಲ್ಲ. ಆದರೆ ಆರಂಭದಲ್ಲಿ ಸಿಆರ್‌ಪಿ 5 ದಾಟಿದ್ದವರಲ್ಲಿ ಉಪಯೋಗದ ಲಕ್ಷಣ ಕಂಡಿತು, ಕಡಿಮೆಯಿದ್ದವರು ಹುಸಿ ಔಷಧ ಪಡೆದವರಿಗಿಂತ ಹಿಂದುಳಿದರು. ಅಂದರೆ ಉರಿಯೂತವಿಲ್ಲದವರಿಗೆ ಉರಿಯೂತದ ಔಷಧ ಕೊಡುವುದು ತಟಸ್ಥವಾದ ಕೆಲಸವೂ ಅಲ್ಲದಿರಬಹುದು. ಈ ಇಂಜೆಕ್ಷನ್ ಅಡಗಿರುವ ಕ್ಷಯವನ್ನು ಎಬ್ಬಿಸಬಲ್ಲದು ಎಂಬ ಕಾರಣವೊಂದೇ ಸಾಕು, ನಮ್ಮಲ್ಲಿ ಅದನ್ನು ಖಿನ್ನತೆಗೆ ಬಯಸದಿರಲು.

ಅಡುಗೆಗೆ ಹಾಕುವ ಅರಿಶಿನದ ಬಗ್ಗೆ ಯಾರದೂ ತಕರಾರಿಲ್ಲ. ಅದರ ಸಾರವನ್ನು ಭಟ್ಟಿ ಇಳಿಸಿದಂತೆ ತುಂಬಿದ ಕರ್ಕ್ಯುಮಿನ್ ಗುಳಿಗೆಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅಶ್ವಗಂಧದ ಗುಳಿಗೆಗಳ ಬಗ್ಗೆಯೂ ಹಾಗೆಯೇ. ವೈದ್ಯರಿಗೆ ತಿಳಿಸದೆ ಇವನ್ನು ತೆಗೆದುಕೊಳ್ಳಬಾರದು.

ಮನೆಯಲ್ಲಿ ಆಗುವ ಕೆಲಸ

ಉರಿಯೂತವನ್ನೂ ಖಿನ್ನತೆಯನ್ನೂ ಒಟ್ಟಿಗೆ ತಗ್ಗಿಸಬಲ್ಲ ಕೆಲಸಗಳು ಎಲ್ಲರಿಗೂ ಗೊತ್ತಿರುವಂಥವೇ: ನಡಿಗೆ, ಸೊಂಟದ ಸುತ್ತಳತೆ ಇಳಿಸುವುದು, ತಂಬಾಕು ಬಿಡುವುದು, ನಿದ್ದೆಯ ಹೊತ್ತು ಕಾಯ್ದುಕೊಳ್ಳುವುದು, ವಸಡಿಗೆ ದಂತವೈದ್ಯರನ್ನು ಕಾಣುವುದು. ತೊಡಕಿರುವುದು ಗೊತ್ತಿಲ್ಲದಿರುವುದರಲ್ಲಿ ಅಲ್ಲ. ಹಾಸಿಗೆಯಿಂದ ಏಳುವುದೇ ಬೆಟ್ಟ ಹತ್ತಿದಂತಾಗಿರುವ ವ್ಯಕ್ತಿಗೆ "ದಿನಾ ಒಂದು ಗಂಟೆ ವಾಕಿಂಗ್ ಮಾಡು, ಎಲ್ಲ ಸರಿಹೋಗುತ್ತೆ" ಎಂದು ಹೇಳಿ ಕೈತೊಳೆದುಕೊಂಡರೆ, ಆಗದಿರುವ ಕೆಲಸಗಳ ಪಟ್ಟಿಗೆ ಇನ್ನೊಂದನ್ನು ಸೇರಿಸಿದಂತಾಗುತ್ತದೆ. ಅದರ ಬದಲು ಮನೆಯ ಒಬ್ಬರು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು, "ಬಾ, ಹಾಲಿನ ಅಂಗಡಿತನಕ ಹೋಗಿಬರೋಣ" ಎಂದರೆ ಮೊದಲ ವಾರಕ್ಕೆ ಅಷ್ಟು ಸಾಕು. ಹತ್ತು ನಿಮಿಷ ಇಪ್ಪತ್ತಾಗಲು ಅವಸರ ಬೇಡ. ಮಾತ್ರೆ ಆರಂಭಿಸಿದ್ದರೆ ಅದರ ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಹಿಡಿಯುವುದರಿಂದ, ಆ ಕಾಲವನ್ನು ದಾಟಿಸುವುದಕ್ಕೂ ಈ ಜೊತೆ ನಡಿಗೆ ಒದಗುತ್ತದೆ.

ಬದುಕು ಸಾಕೆನ್ನುವ ಮಾತು, ತನ್ನನ್ನು ತಾನು ನೋಯಿಸಿಕೊಳ್ಳುವ ಯೋಚನೆ ಬಂದಿದ್ದರೆ ಈ ಬರಹದಲ್ಲಿ ಹೇಳಿದ ಯಾವ ಪರೀಕ್ಷೆಗೂ ಕಾಯಬಾರದು. ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಪಿಎಚ್‌ಕ್ಯೂ-9ರ ಒಂಬತ್ತನೆಯ ಪ್ರಶ್ನೆ ಕೇಳುವುದೂ ಈ ಯೋಚನೆಯನ್ನೇ. ಅದಕ್ಕೆ ಸೊನ್ನೆಯಲ್ಲದ ಉತ್ತರ ಬಿದ್ದಿದ್ದರೆ ಒಟ್ಟು ಅಂಕ ಎಷ್ಟೇ ಇರಲಿ ಅಂದೇ ವೈದ್ಯರಿಗೆ ತಿಳಿಸಬೇಕು.

ಮತ್ತೊಮ್ಮೆ ಅಳೆಯುವುದು

ತಿಂಗಳಿಗೊಮ್ಮೆ ಸಿಆರ್‌ಪಿ ನೋಡುತ್ತ ಖಿನ್ನತೆ ಎಷ್ಟು ಇಳಿಯಿತೆಂದು ಲೆಕ್ಕ ಹಾಕುವುದರಲ್ಲಿ ಅರ್ಥವಿಲ್ಲ. ಅಂಕಿ ಇಳಿದರೂ ಮನಸ್ಸು ಏಳದಿರಬಹುದು. ಮನಸ್ಸು ತಿಳಿಯಾದ ಮೇಲೂ ಬೊಜ್ಜಿನ ಕಾರಣದಿಂದ ಅಂಕಿ ನಾಲ್ಕರಲ್ಲೇ ನಿಂತಿರಬಹುದು. ಚೇತರಿಕೆಯನ್ನು ಅಳೆಯಲು ಪಿಎಚ್‌ಕ್ಯೂ-9 ಪತ್ರಿಕೆಯನ್ನೇ ಎರಡು ಮೂರು ವಾರಗಳಿಗೊಮ್ಮೆ ತುಂಬಿ, ದಿನಾಂಕ ಹಾಕಿ ಜೋಪಾನ ಮಾಡಬೇಕು. ಸಿಆರ್‌ಪಿಯನ್ನು ಮತ್ತೆ ಮಾಡಿಸಬೇಕಾದದ್ದು, ಅದು ಏರಲು ಗೊತ್ತಾದ ಕಾರಣವೊಂದಕ್ಕೆ ಚಿಕಿತ್ಸೆ ನಡೆದು ವೈದ್ಯರು ಅದರ ಫಲ ನೋಡಬಯಸಿದಾಗ ಮಾತ್ರ. ಆಗಲೂ ಮೊದಲ ಸಲದ ಲ್ಯಾಬಿನಲ್ಲೇ, ಅದೇ ಎಚ್‌ಎಸ್ ವಿಧಾನದಲ್ಲೇ ಮಾಡಿಸಿ, ಹಳೆಯ ವರದಿಯ ಹಿಂಬದಿಯಲ್ಲಿ ಆ ವಾರ ಜ್ವರ, ನೆಗಡಿ, ಹಲ್ಲುನೋವು ಇತ್ತೇ ಎಂದು ಒಂದು ಸಾಲು ಬರೆದಿಟ್ಟುಕೊಂಡಿದ್ದರೆ ಹೋಲಿಕೆ ಸುಲಭವಾಗುತ್ತದೆ.